ಹಳದಿ ಮೀನಿಗೆ ಇಡ್ಲಿ ಬೇಡ

ಅತ್ತೆ,

ನೀವು ದೇವಸ್ಥಾನದಿಂದ ಬರೋಷ್ಟರಲ್ಲಿ ನಾನು ಕುಂಭಕೋಣದ ಬಸ್ಸು ಹತ್ತಿರ್ತೀನಿ. ಬಸುರಿ ತಂಗಿಗೆ ಬಳೆ ತೊಡಿಸೋ ಶಾಸ್ತ್ರ ಮುಗಿಸಿ ನಾಡಿದ್ದು ಬರ್ತೀನಿ.

ಹಳದಿ ಮೀನಿಗೆ ಕಾಯಿಲೆ ಇಲ್ಲ. ವಾರದಿಂದ ಉಂಡಿಲ್ಲ ಅಂತ ನೀವು ಕದ್ದು ಹಾಕಿದ ಇಡ್ಲಿ ಫಿಲ್ಟರಿನ ಸ್ಪಂಜಿನಲ್ಲಿ ಸಿಕ್ಕಿತು! ಬೆಳಿಗ್ಗೆ ಅದು ಬಾಯಿ ತೆರೆದಾಗ ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಪುಟ್ಟ ಪುಟ್ಟ ಕಣ್ಣುಗಳು! ಈ ಜಾತಿಯ ತಾಯಿ ಮರಿಗಳನ್ನ ಬಾಯಲ್ಲೇ ಸಾಕುತ್ತೆ, ಅವನ್ನ ಹೊರಗೆ ಬಿಡೋವರೆಗೂ ಏನೂ ತಿನ್ನಲ್ಲ. ನೀಲಿ ಗಂಡುಮೀನು ಅಟ್ಟಾಡಿಸ್ತಿತ್ತು, ಅದಕ್ಕೇ ಅಡುಗೆಮನೆ ಕಿಟಕಿ ಹತ್ತಿರದ ಚಿಕ್ಕ ತೊಟ್ಟಿಗೆ ಬಿಟ್ಟಿದ್ದೀನಿ. ಅದಕ್ಕೆ ಏನೂ ಹಾಕಬೇಡಿ.

ದೊಡ್ಡ ತೊಟ್ಟಿಗೆ ದಿನಕ್ಕೆ ಒಂದೇ ಚಿಟಿಕೆ ಆಹಾರ. ಫಿಲ್ಟರ್ ಗುರ್ ಅಂದರೂ ಆಫ್ ಮಾಡಬೇಡಿ. ಸ್ಪಂಜನ್ನ ನಲ್ಲಿ ನೀರಲ್ಲಿ ತೊಳೀಬೇಡಿ, ತೊಟ್ಟಿ ನೀರು ಶುದ್ಧ ಮಾಡೋ ಸೂಕ್ಷ್ಮಜೀವಿಗಳು ಸತ್ತುಹೋಗ್ತವೆ. ಹೋದ ಸಲ ನಿಮ್ಮ ಮಗ ಫಳಫಳ ಅಂತ ತೊಳೆದಿದ್ದಕ್ಕೆ ನಾಲ್ಕು ಮೀನು ಸತ್ತವು.

ಅವರು ಸಂಜೆ ಕೊಳತ್ತೂರಿನ ಸಾಕುಮೀನಿನ ಅಂಗಡಿಗೆ ಹೋಗ್ತಾರೆ. "ಆರಡಿ ತೊಟ್ಟೀಲಿ ಇನ್ನೊಂದಕ್ಕೆ ಜಾಗ ಇಲ್ವಾಮ್ಮಾ?" ಅಂದರೆ ಖಡಾಖಂಡಿತ ಇಲ್ಲ ಅನ್ನಿ. ಈಗಿರೋವೇ ಕಲ್ಲುಸಂದಿಗೆ ಕಚ್ಚಾಡ್ತಿವೆ. ನನ್ನ ಮಾತು ಕೇಳಲ್ಲ, ನಿಮಗೆ ಹೆದರ್ತಾರೆ.

ತಾಯಿ ಮರಿಗಳನ್ನ ಉಗುಳಿದರೆ ತಕ್ಷಣ ಫೋನ್ ಮಾಡಿ. ಕೈ ತುಂಬ ಬಳೆ ಹಿಡಿದು ನಿಂತಿದ್ದರೂ ಎತ್ತುತ್ತೀನಿ. ಅವರಿಗೆ ಆಮೇಲೆ ಹೇಳೋಣ. ಮೊದಲು ನೋಡೋ ಅಜ್ಜಿ ನೀವೇ ಆಗಬೇಕು.

ಕಯಲ್