ಬಾಗಿಲು ತೆರೆಯದವನನ್ನು ಕೈಬಿಟ್ಟವರಿಗೆ

ಮಾನ್ಯ ಅಧ್ಯಯನ ನಿರ್ದೇಶಕರೇ,

ಮನುಷ್ಯರಿಗೆ ಖಿನ್ನತೆ ಏಕೆ ಬರುತ್ತದೆ, ಕೆಲವರು ಮಾತ್ರ ಹೇಗೆ ಗಟ್ಟಿಯಾಗಿ ಉಳಿಯುತ್ತಾರೆ ಎಂದು ತಿಳಿಯಲು ತಾವು ದಶಕಗಳಿಂದ ನಮ್ಮ ಬಡಾವಣೆಯ ಮನೆಗಳಿಗೆ ಜನರನ್ನು ಕಳಿಸುತ್ತಿದ್ದೀರಿ. ಅದೇ ಖಿನ್ನತೆಯಿಂದ ಹಾಸಿಗೆ ಹಿಡಿದ ನನ್ನ ಅಣ್ಣನನ್ನು, ಎದ್ದು ಬಂದು ಬಾಗಿಲು ತೆರೆಯಲಿಲ್ಲ ಎಂಬ ಕಾರಣಕ್ಕೆ ಅಧ್ಯಯನದಿಂದ ತೆಗೆದುಹಾಕಿದ್ದೀರಿ. ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ. ನಿಜ ಹೇಳಬೇಕೆಂದರೆ ಎರಡಕ್ಕೂ ನನ್ನಲ್ಲಿ ತ್ರಾಣವಿಲ್ಲ.

ಮೂರು ಸಲ ಬಾಗಿಲು ತಟ್ಟಬೇಕು, ತೆರೆಯದಿದ್ದರೆ ‘ಸಹಕರಿಸುತ್ತಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳಬೇಕು, ಇದು ನಿಯಮವಂತೆ. ತಮ್ಮ ಕಚೇರಿಗೆ ಹೋಗಿ ಕೇಳಿದೆ. “ಇಷ್ಟ ಇಲ್ದೋರನ್ನ ನಾವು ಬಲವಂತ ಮಾಡಲ್ಲಮ್ಮ” ಎಂದರು ಅಲ್ಲಿನ ಗುಮಾಸ್ತರು. ಎಂಥ ಸೌಜನ್ಯ! ಜ್ವರ ಬಂದವರನ್ನೆಲ್ಲ ಸಾಲಿನಿಂದ ಹೊರಗೆ ಕಳಿಸಿ, ಉಳಿದವರ ಮೈ ತಣ್ಣಗಿದೆ ಎಂದು ವರದಿ ಬರೆದರೆ ಅದನ್ನು ಯಾರಾದರೂ ನಂಬುತ್ತಾರೆಯೇ? ತಮ್ಮ ಈಚಿನ ವರದಿ ನಮ್ಮಲ್ಲಿ ಖಿನ್ನತೆ ಇಳಿಮುಖವಾಗಿದೆ ಎನ್ನುತ್ತದೆ. ಇಳಿಯದೆ ಇನ್ನೇನಾದೀತು?

ಅಣ್ಣ ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ಲಿಫ್ಟ್ ನಡುವೆ ಕೆಟ್ಟು ನಿಂತಾಗ, ಬಾಗಿಲು ತೆರೆಯುವವರೆಗೂ ಒಳಗೆ ಸಿಕ್ಕಿಕೊಂಡವರ ಜೊತೆ ಹೊರಗಿನಿಂದ ಮಾತಾಡುತ್ತಲೇ ಇರುತ್ತಿದ್ದ. ಅವನು ಮಂಕಾಗಿ ಮೂಲೆ ಸೇರಿದ ಮೇಲೂ, ವರ್ಷಕ್ಕೊಮ್ಮೆ ಪ್ರಶ್ನೆ ಕೇಳಲು ಬರುತ್ತಿದ್ದ ತಮ್ಮ ಹಳೆಯ ಮೇಡಂಗಾಗಿ ಎದ್ದು ಗಡ್ಡ ಬೋಳಿಸಿಕೊಂಡು, ಕುರ್ಚಿಯ ಮೇಲಿನ ಬಟ್ಟೆರಾಶಿ ತೆಗೆದಿಟ್ಟು ಕಾಯುತ್ತಿದ್ದ. ಅವರು ಬರುವ ದಿನವನ್ನು ಮೊದಲೇ ಫೋನಿನಲ್ಲಿ ತಿಳಿಸುತ್ತಿದ್ದರು. ತಾವು ಅವರನ್ನು ಬೇರೆಡೆಗೆ ಹಾಕಿ, ಹೇಳದೆ ಕೇಳದೆ ಬರುವ ಹೊಸಬರನ್ನು ಕಳಿಸಿದಿರಿ.

“ತಟ್ಟಿದ್ದು ಕೇಳಿಸ್ತು ಕಣೇ. ಏಳ್ಬೇಕು ಅಂತಾನೂ ಅನ್ನಿಸ್ತು. ಕಾಲು ಕೆಳಗಿಡೋಷ್ಟರಲ್ಲಿ ಅವ್ರು ಹೋಗ್ಬಿಟ್ಟಿದ್ರು” ಎಂದ ಅಣ್ಣ. ಇದನ್ನೂ ಅಸಹಕಾರ ಎನ್ನುವಿರಾ?

ಇನ್ನು ನನ್ನ ವಿಷಯ. ಒಂದೇ ಮನೆಯಲ್ಲಿ ಬೆಳೆದರೂ ನಾನು ತಮ್ಮ ‘ಗಟ್ಟಿ ಮನಸ್ಸಿನ’ ಗುಂಪಿಗೆ ಸೇರಿದವಳು. ಸಭೆಗೆ ಕರೆದು ಕೈಗೊಂದು ಹೂಗುಚ್ಛವನ್ನೂ ಕೊಟ್ಟಿರಿ. ಚೆನ್ನಾಗಿ ನಿದ್ದೆ ಮಾಡುತ್ತೀರಾ, ವ್ಯಾಯಾಮ ಉಂಟಾ, ಸ್ನೇಹಿತರಿದ್ದಾರಾ ಎಂದೆಲ್ಲ ಕೇಳಿದಿರಿ. ನಿಮ್ಮ ಪಾಲಿನ ಭಾರವನ್ನು ಯಾರು ಹೊತ್ತರು ಎಂದು ಮಾತ್ರ ಕೇಳಲಿಲ್ಲ. ನಾವು ಚಿಕ್ಕವರಿದ್ದಾಗ ಅಮ್ಮ ಹೀಗೆಯೇ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಅಣ್ಣ ಓದು ಬಿಟ್ಟ. “ಅಮ್ಮನ್ನ ನಾನು ನೋಡ್ಕೋತೀನಿ. ನೀನು ಸ್ಕೂಲಿಗೆ ಹೋಗು, ಹಿಂದೆ ತಿರುಗಿ ನೋಡ್ಬೇಡ” ಎಂದ. ನಾನು ಹೋದೆ, ಕಲಿತೆ, ಇವತ್ತು ನನ್ನದೇ ಒಂದು ಹೊಲಿಗೆ ಅಂಗಡಿಯಿದೆ. ನಾನು ಗಟ್ಟಿಯಾಗಿ ಉಳಿದ ಕಾರಣ ತಮಗೆ ನಿಜಕ್ಕೂ ಬೇಕಿದ್ದರೆ ಅದು ಅಣ್ಣನ ಮನೆಯ ಒಳಕೋಣೆಯಲ್ಲಿ ಮಲಗಿದೆ. ಅದನ್ನೇ ಬಿಟ್ಟು ತಾವು ಏನನ್ನು ಹುಡುಕುತ್ತಿದ್ದೀರೋ ನನಗೆ ಅರ್ಥವಾಗುತ್ತಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಅಣ್ಣನನ್ನು ಮರಳಿ ಸೇರಿಸಿಕೊಳ್ಳಿ. ಆ ಹಳೆಯ ಮೇಡಂ ಅವರನ್ನೇ, ಮೊದಲೇ ತಿಳಿಸಿ ಕಳಿಸಿ. ತಟ್ಟಿದ ಮೇಲೆ ಅವರು ಸ್ವಲ್ಪ ಹೊತ್ತು ನಿಲ್ಲಲಿ. ಅಲ್ಲಿಯವರೆಗೆ ನನ್ನನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ತಿಂಗಳುಗಳಿಂದ ಏನನ್ನೂ ಕೇಳದಿದ್ದ ಅಣ್ಣ ಮೊನ್ನೆ ಕೇಳಿದ: “ಪ್ರಶ್ನೆ ಕೇಳೋ ಮೇಡಂ ಈ ಸಲ ಬರಲ್ವೇನೇ?” ಬರುತ್ತಾರೆ ಎಂದು ಸುಳ್ಳು ಹೇಳಿಬಿಟ್ಟೆ. ನಿನ್ನೆ ಹೋದಾಗ ಅವನು ಗಡ್ಡ ಬೋಳಿಸಿಕೊಂಡು ಕೂತಿದ್ದ. ಅದು ಮತ್ತೆ ಬೆಳೆಯುವ ಮೊದಲು ಅವರನ್ನು ಕಳಿಸಿಕೊಡಿ.

ಇಂತಿ,
ತಮ್ಮ ವರದಿಯ ‘ಗಟ್ಟಿ ಮನಸ್ಸಿನ’ ಹೆಂಗಸು,
ಸದ್ಯಕ್ಕೆ ತೀರಾ ಸುಸ್ತಾದವಳು