ಕಾಯಿಲಿನ ಸದ್ದು

ಸೋಮವಾರ, ಮಾರ್ಚ್ ೧೨

ಮೇಸ್ತ್ರಿಗಳಿಗೆ,

ನಿಮ್ಮನ್ನು ಈಗ ಏನೆಂದು ಕರೆಯಬೇಕೋ ತಿಳಿಯದೆ, ಕೆಲಸ ಕಲಿಸಿದವರನ್ನು ಕರೆಯುವಂತೆಯೇ ಕರೆದಿದ್ದೇನೆ. ಸುಟ್ಟ ಮೋಟಾರಿಗೆ ತಂತಿ ಸುತ್ತುವುದನ್ನು ಕಲಿಸಿದ ಗಂಡನಾದ ನಿಮ್ಮ ಜೊತೆಗೇ ಜಗಳವಾಡಿ, ಆರು ವರ್ಷದ ಹಿಂದೆ ಈ ಊರಿಗೆ ಬಂದು ಸ್ವಂತ ಅಂಗಡಿ ಇಟ್ಟವಳು ನಾನು. ಅಂಗಡಿ ಚೆನ್ನಾಗಿದೆ. ನನಗೆ ಮಾತ್ರ ತೊಡೆಯಲ್ಲಿ ಕ್ಯಾನ್ಸರ್ ಗಡ್ಡೆಯಾಯಿತು. ಗಾಬರಿಯಾಗದೆ ಪೂರ್ತಿ ಓದಿ.

ಮೊದಲು ನೋಡಿದ ಡಾಕ್ಟರು ಕಾಲು ತೆಗೆಯಬೇಕೆಂದರು. ಒಂಟಿ ಕಾಲಲ್ಲಿ ಪಂಪು ಎತ್ತುವುದು ಹೇಗೆಂದು ಕೇಳಿ ಎದ್ದು ಬಂದೆ. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಬೇರೆ ದಾರಿ ಹೇಳಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳನ್ನು ದ್ರವದಲ್ಲಿ ಬೆರೆಸಿ ಗಡ್ಡೆಗೆ ಚುಚ್ಚುವುದು. ಕಾಲನ್ನು ತಂತಿ ಸುತ್ತಿದ ದೊಡ್ಡ ಕಾಯಿಲಿನೊಳಗಿಟ್ಟು ಕರೆಂಟು ಹರಿಸುವುದು. ಕಣಗಳು ಕಾದು ಗಡ್ಡೆಯನ್ನು ಒಳಗಿನಿಂದಲೇ ಸುಡುತ್ತವೆ, ಸುತ್ತಲಿನ ಮಾಂಸಕ್ಕೆ ಅಷ್ಟಾಗಿ ತಾಗುವುದಿಲ್ಲ. ಜೊತೆಗೆ ರೇಡಿಯೇಷನ್. ಇನ್ನೂ ಪ್ರಯೋಗದಲ್ಲಿರುವ ಚಿಕಿತ್ಸೆ, ಮಾತು ಕೊಡಲಾರೆ ಎಂದೂ ಹೇಳಿದರು. ಕಾಯಿಲಿಗೆ ನಾನು ಹೆದರುವುದುಂಟೇ? ಸಹಿ ಹಾಕಿದೆ.

ಎರಡನೇ ಸಲ ಮಲಗಿದ್ದಾಗ ಯಂತ್ರದ ಗುಂಯ್‌ಗುಡುವಿಕೆ ಬದಲಾಯಿತು. ಕಾಯಿಲು ಕಾಯುತ್ತಿದೆ, ನಿಲ್ಲಿಸಿ ಎಂದೆ. ಪರದೆಯಲ್ಲಿ ಎಲ್ಲಾ ಸರಿಯಿದೆ, ಅಲ್ಲಾಡಬೇಡಿ ಅಂದರು ಯಂತ್ರ ನಡೆಸುವ ಇಂಜಿನಿಯರ್. ಮೊದಲು ನಿಲ್ಲಿಸಿ, ಆಮೇಲೆ ಬೈಯಿರಿ ಅಂದೆ. ಬಿಚ್ಚಿ ನೋಡಿದರೆ, ಕಾಯಿಲನ್ನು ತಂಪಾಗಿಡುವ ನೀರಿನ ಕೊಳವೆ ಮಡಚಿಕೊಂಡಿತ್ತು. ಹತ್ತು ನಿಮಿಷ ಬಿಟ್ಟಿದ್ದರೆ ವೈಂಡಿಂಗೇ ಸುಟ್ಟುಹೋಗಿ, ತಿಂಗಳುಗಟ್ಟಲೆ ಯಾರಿಗೂ ಚಿಕಿತ್ಸೆ ಇರುತ್ತಿರಲಿಲ್ಲವಂತೆ. ಅಂದಿನಿಂದ ಸ್ವಿಚ್ ಹಾಕಿದ ಮೇಲೆ ಅವರು ನನ್ನ ಮುಖ ನೋಡುತ್ತಿದ್ದರು. ಸದ್ದು ಸರಿಯಿದೆಯೇನಮ್ಮಾ ಅಂತ ಕೇಳುತ್ತಿದ್ದರು. ನನಗೆ ಆಗ ನಿಮ್ಮ ನೆನಪಾಗುತ್ತಿತ್ತು. ಕೆಲಸ ಕಲಿಸುವಾಗ ನೀವು ನನ್ನ ಕಣ್ಣು ಮುಚ್ಚಿಸಿ ಮೋಟಾರು ಓಡಿಸುತ್ತಿದ್ದಿರಿ.

ಎಂಟು ಸಲ ಮುಗಿಯಿತು. ಗಡ್ಡೆ ಅರ್ಧಕ್ಕಿಂತ ಚಿಕ್ಕದಾಗಿದೆ. ಉಳಿದದ್ದನ್ನು ಗುರುವಾರ ಕತ್ತರಿಸಿ ತೆಗೆಯುತ್ತಾರೆ. ಕಾಲು ಉಳಿಯುತ್ತದೆ ಎಂದು ಡಾಕ್ಟರಮ್ಮ ಈಗ ಬಾಯಿಬಿಟ್ಟು ಹೇಳಿದ್ದಾರೆ. ನಾನೂ ನಂಬಿದ್ದೇನೆ. ತಿಳಿಸಬೇಕೆನಿಸಿತು, ತಿಳಿಸಿದೆ. ನೀವು ಬರಬೇಕೆಂದೇನೂ ಇಲ್ಲ.

ಇಂತಿ,
ನಿಮ್ಮ ಹಠಮಾರಿ ಶಿಷ್ಯೆ

ತಾ.ಕ.: ಆ ಯಂತ್ರದ ಹತ್ತಿರ ಲೋಹ ಇರಬಾರದು. ಮದುವೆಯ ಉಂಗುರ ತೆಗೆಯಲು ನರ್ಸ್ ಸೋಪು ಹಚ್ಚಬೇಕಾಯಿತು. ಈ ಆರು ವರ್ಷದಲ್ಲಿ ಅದನ್ನು ಒಮ್ಮೆಯೂ ತೆಗೆದಿರಲಿಲ್ಲ. ಆಪರೇಷನ್ನಿಗೂ ತೆಗೆಯಬೇಕಂತೆ. ಯಾರ ಕೈಗೆ ಕೊಡಲಿ ಎಂದು ಕೇಳಿದಳು. ಗುರುವಾರ ಹೇಳುತ್ತೇನೆ ಅಂದಿದ್ದೇನೆ. ಬೆಳಗ್ಗೆ ಎಂಟಕ್ಕೆ ಒಳಗೆ ಕರೆದುಕೊಳ್ಳುತ್ತಾರೆ.