ಅಪ್ಪಂದಿರನ್ನು ಓಡಿಸಿ, ಅಪ್ಪನಿಲ್ಲದ ಮನೆಗಳನ್ನು ಎಣಿಸುವವರಿಗೆ

ಮಾನ್ಯ ನಗರ ವಸತಿ ಕಚೇರಿಯ ನಿರ್ದೇಶಕರೇ,

ನಿಮ್ಮ ಕಾವಲಿನವನು ನನ್ನ ಅಳಿಯನ ದವಡೆ ಮುರಿದಿದ್ದಾನೆ. ಬಚ್ಚಲುಮನೆಯ ತೊಟ್ಟಿಯಲ್ಲಿ ಬರಿಗಾಲಲ್ಲಿ ಮುದುಡಿ ಕೂತಿದ್ದವನನ್ನು ದೊಣ್ಣೆಯಿಂದ ಬಡಿದು ಮುರಿದಿದ್ದಾನೆ. ಅಳಿಯ ಮಾಡಿದ ಘೋರ ಅಪರಾಧವೆಂದರೆ ಮಗಳನ್ನು ಶಾಲೆಗೆ ಬಿಡಲು ಬಂದದ್ದು. ಇದಾದ ಮರುವಾರವೇ ತಾವು ನಮ್ಮ ಚರ್ಚಿನ ಸಭಾಂಗಣದಲ್ಲಿ ನಿಂತು, ಈ ನಗರದ ಬಡತನಕ್ಕೆ ಅಪ್ಪನಿಲ್ಲದ ಮನೆಗಳೇ ಕಾರಣ ಎಂದು ಅಪ್ಪಣೆ ಕೊಡಿಸಿದಿರಿ. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಎದ್ದು ಬಂದು ನಿಮ್ಮ ಕತ್ತು ಹಿಸುಕಬೇಕು ಅನ್ನಿಸಿತ್ತು. ಚರ್ಚು ಅಂತ ಸುಮ್ಮನಾದೆ, ಮನೆಗೆ ಬಂದು ಈ ಕಾಗದ ಬರೆಯುತ್ತಿದ್ದೇನೆ.

ನಿಮ್ಮ ಪರದೆಯ ಮೇಲೆ ಅಮೆರಿಕದ ಊರುಗಳೆಲ್ಲ ಚುಕ್ಕಿಗಳಾಗಿದ್ದವು. ಗಂಡ ಹೆಂಡತಿ ಜೊತೆಗಿರುವ ಮನೆಗಳು ಹೆಚ್ಚಿರುವ ಊರುಗಳು ಕೆಳಗೆ, ನೆಮ್ಮದಿಯಾಗಿ. ತಾಯಿಯೊಬ್ಬಳೇ ಮಕ್ಕಳನ್ನು ಸಾಕುವ ಮನೆಗಳು ಹೆಚ್ಚಿರುವ ಊರುಗಳು ಮೇಲೆ, ಬಡತನದ ತುದಿಯಲ್ಲಿ. ನಮ್ಮೂರು ಎಲ್ಲಿತ್ತು ಅಂತ ಹೇಳಬೇಕಿಲ್ಲ. ಸ್ವಾಮಿ, ಆ ಚುಕ್ಕಿಗಳು ಸುಳ್ಳು ಅಂತ ನಾನು ಹೇಳುವುದಿಲ್ಲ. ಇಬ್ಬರು ದುಡಿದು ಎಳೆಯುವ ಸಂಸಾರವನ್ನು ಒಬ್ಬಳೇ ಎಳೆದರೆ ಬೆನ್ನು ಮುರಿಯುತ್ತದೆ, ಅದನ್ನು ತಿಳಿಯಲು ನನಗೆ ಪರದೆ ಬೇಕಾಗಿಲ್ಲ. ಎರಕದ ಕಾರ್ಖಾನೆಯಲ್ಲಿ ಕಾದ ಕಬ್ಬಿಣ ನನ್ನ ಗಂಡ ಎಲಿಸ್‌ನ ಮೇಲೆ ಸುರಿದ ದಿನ ನಾನೂ ನಿಮ್ಮ ಒಂದು ಚುಕ್ಕಿಯಾದೆ. ಶವಪೆಟ್ಟಿಗೆಯ ಮುಚ್ಚಳ ತೆಗೆಯಬೇಡಿ ಅಂದರು. ನನ್ನ ಮಡಿಲಲ್ಲಿ ಮಗಳು ಲಾವೋನ್ ಹಾಲು ಕುಡಿಯುತ್ತಿದ್ದಳು. ನನಗೂ ತಾವು ಮದುವೆಯ ಮಹತ್ವ ಬೋಧಿಸುತ್ತೀರೇನು? ನಿಮ್ಮ ಚುಕ್ಕಿಗಳು ಯಾರು ಒಂಟಿ ಅಂತ ಹೇಳುತ್ತವೆ. ಒಂಟಿ ಮಾಡಿದವರು ಯಾರು ಅಂತ ಹೇಳುವುದಿಲ್ಲ.

ಅಳಿಯ ಅಂದೆನಲ್ಲ, ಕಾಗದದ ಮೇಲೆ ಅಲ್ಲ. ರಾಸ್ಕೋ ಹುಡುಗಾಟದ ವಯಸ್ಸಿನಲ್ಲಿ ಬೀದಿ ಜಗಳದಲ್ಲಿ ಒಬ್ಬನ ಮೂಗು ಒಡೆದು ಜೈಲು ಕಂಡವನು. ಈಗ ಟೈರಿನಂಗಡಿಯಲ್ಲಿ ಮೈಮುರಿದು ದುಡಿಯುತ್ತಾನೆ. ಆದರೆ ಜೈಲು ಕಂಡವನ ಹೆಸರು ನಿಮ್ಮ ಕಚೇರಿಯ ಮನೆಗಳ ಬಾಡಿಗೆ ಕರಾರಿನಲ್ಲಿ ಬರಕೂಡದು. ಹೆಸರಿಲ್ಲದವನು ಆ ಮನೆಯಲ್ಲಿ ಮಲಗಕೂಡದು. ನನ್ನ ಮಗಳು ಅವನನ್ನು ಮದುವೆಯಾದರೆ ಮನೆ ಹೋಗುತ್ತದೆ, ಆಗದಿದ್ದರೆ ತಮ್ಮ ಭಾಷಣಕ್ಕೆ ಸರಕಾಗುತ್ತಾಳೆ. ಅವನು ಅಣ್ಣನ ಮನೆಯ ಸೋಫಾದಲ್ಲಿ ಮಲಗಿ, ಬೆಳಗಾದರೆ ಹಿಮ ತುಳಿದುಕೊಂಡು ಮಗಳ ಜಡೆ ಹಾಕಲು ಬರುತ್ತಾನೆ. ಹೌದು, ಜಡೆ ಅವನೇ ಹಾಕುವುದು. ಲಾವೋನ್ ಹಾಕಿದರೆ ಎಳೆಯುತ್ತಾಳೆ ಅಂತ ಮೊಮ್ಮಗಳು ಇಮಾನಿಯ ದೂರು.

ನಮ್ಮ ಕಟ್ಟಡದ ಹೆಂಗಸರಿಗೆಲ್ಲ ಒಂದು ಅಭ್ಯಾಸವಿದೆ, ಅದನ್ನು ಕಲಿಸಿದವರು ತಾವೇ. ಗಂಡಸಿನ ಗುರುತು ಸಿಗುತ್ತದೋ ಅಂತ ನಿಮ್ಮ ತಪಾಸಣೆಯವರು ಬೀರು ತೆಗೆಯುತ್ತಾರೆ, ಮಂಚದ ಕೆಳಗೆ ಬಗ್ಗುತ್ತಾರೆ, ಓವನ್ ಮಾತ್ರ ತೆಗೆಯುವುದಿಲ್ಲ. ಹಾಗಾಗಿ ಬಾಗಿಲು ಬಡಿದರೆ ಮನೆ ಗಂಡಸಿನ ಶೂ ಓವನ್ನಿಗೆ ಹೋಗುತ್ತದೆ. ಬ್ರೆಡ್ ಬೇಯಿಸುವ ಮೊದಲು ಓವನ್ನಿನೊಳಗೆ ಇಣುಕಿ ನೋಡದ ಹೆಂಗಸು ಇಲ್ಲಿ ಇಲ್ಲ.

"ಏನೇ, ಇವತ್ತು ಓವನ್ನಲ್ಲಿ ಏನಿಟ್ಟಿದ್ದೀಯ?" ಅಂತ ಎದುರುಮನೆಯ ವಿಲ್ಮಾ ಕೇಳಿದರೆ, "ನನ್ ಗಂಡನ್ನೇ ಇಟ್ಟಿದ್ದೀನಿ ಕಣೇ, ಇನ್ನೂ ಬೆಂದಿಲ್ಲ," ಅಂತ ನನ್ನ ಮಗಳು ನಗುತ್ತಿದ್ದಳು.

ಆ ಬೆಳಿಗ್ಗೆ ನಾನು ಮಗಳ ಮನೆಯಲ್ಲೇ ಇದ್ದೆ, ಎರಕದ ಬಾಣಲೆಯಲ್ಲಿ ಸಾಸೇಜು ಹುರಿಯುತ್ತಿದ್ದೆ. ಬಾಗಿಲು ಬಡಿದ ಸದ್ದಿಗೆ ಶೂ ಓವನ್ನಿಗೆ, ರಾಸ್ಕೋ ಬಚ್ಚಲುಮನೆಗೆ. ನಿಮ್ಮ ತಪಾಸಣೆಯ ಹೆಣ್ಣುಮಗಳು ಹೊಸಬಳು. ಜೊತೆಗೊಬ್ಬ ಕಾವಲಿನವನು. ಬಂದವಳೇ ಬೀರು ನೋಡಲಿಲ್ಲ, ಮಂಚ ನೋಡಲಿಲ್ಲ. ಓವನ್ ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕು ಅಂತ ಬಾಗಿಲು ತೆಗೆಯದೆಯೇ ಅದರ ಗುಂಡಿ ತಿರುಗಿಸಿ, ಕುರ್ಚಿ ಎಳೆದುಕೊಂಡು ಪ್ರಶ್ನೆ ಕೇಳಲು ಶುರು ಮಾಡಿದಳು.

"ಮನೇಲಿ ಗಂಡಸರು ಯಾರಾದ್ರೂ ಇದ್ದಾರಾ?"

"ಇಲ್ಲ ಮೇಡಂ."

"ಮಗುವಿನ ತಂದೆ?"

"ಎಲ್ಲಿದ್ದಾನೋ ಗೊತ್ತಿಲ್ಲ."

ಇದನ್ನು ಹೇಳುವಾಗ ನನ್ನ ಮಗಳ ಕಣ್ಣು ಓವನ್ನಿನ ಮೇಲೇ ಇತ್ತು. ಅದನ್ನು ಆರಿಸುವ ಹಾಗಿಲ್ಲ, ತೆಗೆಯುವ ಹಾಗಿಲ್ಲ. ಮೊದಲು ವಾಸನೆ ಬಂತು, ಆಮೇಲೆ ಕಪ್ಪು ಹೊಗೆ. ಇಮಾನಿ ಅರ್ಧ ಜಡೆಯಲ್ಲೇ ಓಡಿ ಬಂದು ಕೂಗಿಬಿಟ್ಟಳು:

"ಅಮ್ಮಾ, ಅಪ್ಪನ ಶೂ ಸುಡ್ತಿದೆ!"

ಕಾವಲಿನವನು ಕೇಳಲೂ ಇಲ್ಲ, ಹೇಳಲೂ ಇಲ್ಲ. ಬಚ್ಚಲುಮನೆಯ ಬಾಗಿಲನ್ನು ಒದ್ದು ಕೀಲಿನಿಂದ ಕಿತ್ತ. ರಾಸ್ಕೋ ಎರಡೂ ಕೈ ಮೇಲೆತ್ತಿದ್ದ, ಒಂದು ಕೈಯಲ್ಲಿ ಮಗುವಿನ ಬಾಚಣಿಗೆ ಇತ್ತು. ಮೊದಲ ಏಟು ಆ ಕೈಗೆ. ಮುಂದಿನದು ಬಾಯಿಗೆ. ತೊಟ್ಟಿಯ ಬಿಳಿಯ ಮೇಲೆ ರಕ್ತ ಚಿಲ್ಲೆಂದು ಹಾರಿತು, ಎರಡು ಹಲ್ಲು ಬಿದ್ದವು. ಬಿದ್ದವನ ಪಕ್ಕೆಗೆ ಬೂಟಿನಿಂದ ಮತ್ತೆ ಮತ್ತೆ ಒದ್ದ. "ಮಗು ನೋಡ್ತಿದೆ, ಮಗು ನೋಡ್ತಿದೆ," ಅಂತ ರಾಸ್ಕೋ ರಕ್ತ ಉಗುಳುತ್ತ ಬೇಡುತ್ತಿದ್ದ. ನಾನು ಕುದಿಯುವ ಎಣ್ಣೆಯ ಸಮೇತ ಬಾಣಲೆ ಎತ್ತಿ ಆ ಪಾಪಿಯ ಭುಜಕ್ಕೆ ಬಾರಿಸಿದೆ. ಅವನ ಮೂಳೆ ಮುರಿದ ಸದ್ದು ಕೇಳಿದೆ. ನಿಮ್ಮವರು ನನ್ನ ಮೇಲೆ ಕೇಸು ಹಾಕಿದ್ದಾರೆ. ಹಾಕಲಿ. ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ, ತಲೆಗೆ ಗುರಿಯಿಟ್ಟದ್ದು ತಪ್ಪಿತಲ್ಲ ಅನ್ನುವುದೊಂದು ಬಿಟ್ಟು.

ಈಗ ತಮ್ಮ ಕಚೇರಿಯ ಔದಾರ್ಯ ಕೇಳಿ. ಗುರುವಾರದ ವಿಚಾರಣೆಯಲ್ಲಿ ಲಾವೋನ್ ಒಂದು ಹೇಳಿಕೆಗೆ ಸಹಿ ಹಾಕಿದರೆ ಮನೆ ಉಳಿಯುತ್ತದಂತೆ. ರಾಸ್ಕೋ ತನ್ನ ಸಂಸಾರದವನಲ್ಲ, ಇನ್ನು ಮುಂದೆ ಹೊಸ್ತಿಲು ತುಳಿಯುವುದಿಲ್ಲ ಅಂತ. ಸಹಿ ಹಾಕದಿದ್ದರೆ ಈ ಚಳಿಗಾಲದಲ್ಲಿ ತಾಯಿ ಮಗಳು ಬೀದಿಗೆ. ಭೇಷ್! ಅಪ್ಪನಿರುವ ಒಂದು ಮನೆಯನ್ನು ದೊಣ್ಣೆ ಹಿಡಿದು ಅಪ್ಪನಿಲ್ಲದ ಮನೆ ಮಾಡಿ, ಅದಕ್ಕೆ ತಾಯಿಯ ಸಹಿಯನ್ನೂ ಪಡೆದು, ಬರುವ ವರ್ಷ ಅದೇ ಪರದೆಯ ಮೇಲೆ ನಮ್ಮ ಚುಕ್ಕಿಯನ್ನು ಇನ್ನಷ್ಟು ಮೇಲಕ್ಕೇರಿಸುತ್ತೀರಿ. ನಾಚಿಕೆ ಅನ್ನುವುದು ತಮ್ಮ ಕಚೇರಿಗೆ ಮಂಜೂರಾಗಿಲ್ಲವೇ?

ರಾಸ್ಕೋ ದವಡೆಗೆ ತಂತಿ ಬಿಗಿಸಿಕೊಂಡು ಆಸ್ಪತ್ರೆಯಲ್ಲಿದ್ದಾನೆ. ಮಾತಾಡಲಾರ. ಚೀಟಿಯಲ್ಲಿ ಒಂದೇ ಮಾತು ಬರೆದು ತೋರಿಸಿದ: ಸಹಿ ಹಾಕಲಿ. ಲಾವೋನ್ ಅದನ್ನು ಹರಿದು ಅವನ ಹಾಸಿಗೆಯ ಮೇಲೇ ಎಸೆದು, "ನಿನ್ ತಲೆ! ಸತ್ತರೂ ಹಾಕಲ್ಲ," ಅಂದು ಗೋಳೋ ಅಂತ ಅತ್ತಳು.

ನನ್ನ ಬೇಡಿಕೆ ಇಷ್ಟೇ. ಗುರುವಾರದೊಳಗೆ ಆ ಕರಾರಿನಲ್ಲಿ ರಾಸ್ಕೋನ ಹೆಸರು ಬರೆಯಿರಿ, ಹೊಡೆದವನನ್ನು ಜೈಲಿಗೆ ಕಳಿಸಿ. ಆಗುವುದಿಲ್ಲವೆಂದರೆ ಪೊಲೀಸರ ಹಿಂದೆ ಅಡಗದೆ, ಮನೆ ಖಾಲಿ ಮಾಡಿಸಲು ತಾವೇ ಬನ್ನಿ. ಬಂದಾಗ ಬಾಗಿಲು ಮಾತ್ರ ಮೆಲ್ಲಗೆ ತಟ್ಟಿ. ಈಗ ಯಾರು ಬಾಗಿಲು ತಟ್ಟಿದರೂ ಇಮಾನಿ ತನ್ನ ಪುಟ್ಟ ಶೂಗಳನ್ನು ಬಿಚ್ಚಿ ಓವನ್ನಿನಲ್ಲಿಟ್ಟು, ಬಚ್ಚಲುಮನೆಯ ತೊಟ್ಟಿಯಲ್ಲಿ ಎರಡೂ ಕೈ ಮೇಲೆತ್ತಿ ಕೂರುತ್ತಾಳೆ. "ನಾನು ಹೇಳಿದ್ದಕ್ಕೇ ಅಲ್ವಾ ಅಜ್ಜಿ?" ಅಂತ ಒಮ್ಮೆ ಕೇಳಿದಳು. ಆಮೇಲೆ ಅವಳು ಮಾತೇ ಆಡಿಲ್ಲ.

ಇಂತಿ,
ತಮ್ಮ ಹಳೆಯ ಚುಕ್ಕಿ, ಗುರಿ ತಪ್ಪಿದ ಅಜ್ಜಿ,
ಅರ್ನೆಸ್ಟೀನ್ ಗ್ಯಾಡ್ಸ್‌ಡೆನ್